ಪದ್ಮಿನಿ ಕಾರಿನ ಎಡಗಡೆ ಮುಂದೆ ಕಟಕ್ ಕಟಕ್ ಸದ್ದು, ಶಾಕ್ ಅಬ್ಸಾರ್ಬರ್ ಬದಲಾಯಿಸಿದರೂ ಹೋಗ್ತಿಲ್ಲ

ಹಾಸನ_ಪದ್ಮಿನಿ:
ತಲೆ ಕೆಟ್ಟುಹೋಗಿದೆ. ಎಡಗಡೆ ಮುಂದಿನ ಚಕ್ರದ ಹತ್ತಿರ ಕಟಕ್ ಅಂತ ಸದ್ದು. ಎರಡೂ ಕಡೆ ಹೊಸ ಶಾಕ್ ಅಬ್ಸಾರ್ಬರ್ ಹಾಕಿಸಿದೆ, ಅಲೈನ್‌ಮೆಂಟ್ ಮಾಡಿಸಿದೆ. ದುಡ್ಡು ಹೋಯ್ತು, ಸದ್ದು ಹೋಗಲಿಲ್ಲ. ಕೇಳಿದರೆ "ಹಳೇ ಗಾಡಿ ಸರ್, ಇರುತ್ತೆ" ಅಂತಾರೆ. ಅಪ್ಪ ಓಡಿಸುವಾಗ ಈ ಗಾಡಿ ಹೀಗೆ ಸದ್ದು ಮಾಡಿದ್ದೇ ಇಲ್ಲ. ಏನಿರಬಹುದು?

ಫಿಯೆಟ್_ಗುರು:
ಕಿಂಗ್ ಪಿನ್. ಇನ್ನೇನೂ ಅಲ್ಲ. ಮುಂದಿನ ಚಕ್ರ ಎಡ ಬಲ ತಿರುಗೋದೇ ಆ ಪಿನ್ ಮೇಲೆ, ಗ್ರೀಸ್ ಹೊಡೆಯೋದು ಬಿಟ್ಟರೆ ಅದರ ಬುಷ್ (ಪಿನ್ ಸುತ್ತ ಕೂರೋ ಕೊಳವೆ) ಸವೆದೇ ಸವೆಯುತ್ತೆ. ಜ್ಯಾಕ್ ಹಾಕಿ, ಚಕ್ರವನ್ನ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ನೋಡಿ.

ಕುಡ್ಲ_1100:
ಮಾರಾಯ್ರೆ, ಸದ್ದು ಬರುವುದು ಯಾವಾಗ? ಬ್ರೇಕ್ ಹಿಡಿದಾಗಲಾ, ಗುಂಡಿಗೆ ಇಳಿದಾಗಲಾ, ಸ್ಟೇರಿಂಗ್ ತಿರುಗಿಸುವಾಗಲಾ? ಗಾಡಿ ಯಾವ ವರ್ಷದ್ದು?

ಹಾಸನ_ಪದ್ಮಿನಿ:
1986. ರಸ್ತೆ ಕೆಟ್ಟಿದ್ದರೆ ಬರುತ್ತೆ, ಇನ್ಯಾವಾಗ ಬರುತ್ತೆ? ಅಲ್ಲಾಡಿಸಿದೆ, ಸ್ವಲ್ಪ ಪ್ಲೇ (ಸಡಿಲ) ಇದೆ.

ಫಿಯೆಟ್_ಗುರು:
ಹೇಳಿದೆನಲ್ಲ! ಕಿಂಗ್ ಪಿನ್ ಸೆಟ್ ತಗೊಳ್ಳಿ. ಬುಷ್ ಒತ್ತಿಸಿದ ಮೇಲೆ ರೀಮರ್ ಹೊಡೆಸೋದು (ಒಳಗಿನ ತೂತನ್ನ ಪಿನ್ ಅಳತೆಗೆ ಕೊರೆಸೋದು) ಮರೀಬೇಡಿ.

ಕುಡ್ಲ_1100:
ಸ್ವಲ್ಪ ನಿಲ್ಲಿ, ಸುಮ್ಮನೆ ಖರ್ಚು ಮಾಡಿಸಬೇಡಿ. ಒಬ್ಬರನ್ನು ಒಳಗೆ ಕೂರಿಸಿ ಬ್ರೇಕ್ ಗಟ್ಟಿ ಒತ್ತಿ ಹಿಡಿಸಿ, ಆಗ ಅಲ್ಲಾಡಿಸಿ. ಪ್ಲೇ ಹೋದರೆ ವೀಲ್ ಬೇರಿಂಗ್ ಸಡಿಲ. ಆಗಲೂ ಅಲ್ಲಾಡಿದರೆ ಮಾತ್ರ ಕಿಂಗ್ ಪಿನ್ ಮೇಲೆ ಅನುಮಾನ ಪಡಿ.

ಅಂಬಿ_ಮಾರ್ಕ್3:
ಇದಕ್ಕೇ ನಾನು ಅಂಬಾಸಿಡರ್ ಬಿಟ್ಟು ಬೇರೆ ಗಾಡಿ ಮುಟ್ಟಿಲ್ಲ. ಮುಂದೆ ತಿರುಚಿಕೊಂಡು ಭಾರ ಹೊರೋ ಟಾರ್ಷನ್ ಬಾರ್, ಕಾಯಿಲ್ ಸ್ಪ್ರಿಂಗ್ ರಗಳೆಯೇ ಇಲ್ಲ. ರೇಡಿಯಲ್ ಟೈರ್ ಹಾಕಿದ್ದೀನಿ, ಚಾರ್ಮಾಡಿ ಘಾಟಿ ಇಳಿದರೂ ಒಂದು ಸದ್ದಿಲ್ಲ.

ಫಿಯೆಟ್_ಗುರು:
ನಿಮ್ಮ ಅಂಬಾಸಿಡರಿನ ಮುಂದಿನ ಚಕ್ರದ ಟ್ರನಿಯನ್ ಕೀಲಿಗೆ ಗ್ರೀಸ್ ಹೊಡೆಯದೆ ಓಡಿಸಿ ನೋಡಿ, ಆಮೇಲೆ ಮಾತಾಡೋಣ. ಪದ್ಮಿನಿಗೆ ರೇಡಿಯಲ್ ಹಾಕಿದರೆ ನಿಧಾನಕ್ಕೆ ತಿರುಗಿಸುವಾಗ ಸ್ಟೇರಿಂಗ್ ಭಾರ.

ಅಂಬಿ_ಮಾರ್ಕ್3:
ಗಾಳಿ ಸರಿಯಾಗಿ ಹಾಕಿದರೆ ಭಾರ ಯಾಕಾಗುತ್ತೆ?

ಹಾಸನ_ಪದ್ಮಿನಿ:
ಟೈರ್ ಜಗಳ ಬೇರೆ ಕಡೆ ಆಡಿ ದಯವಿಟ್ಟು. ಬ್ರೇಕ್ ಒತ್ತಿದಾಗ ಪ್ಲೇ ಹೋಯ್ತು, ಬೇರಿಂಗ್ ಅಡ್ಜಸ್ಟ್ ಮಾಡಿಸಿದೆ. ಸದ್ದು ಹಾಗೇ ಇದೆ. ಹಂಪ್ ನೇರ ಹತ್ತಿಸಿದರೆ ಬರಲ್ಲ, ಒಂದು ಚಕ್ರ ಮಾತ್ರ ಗುಂಡಿಗೆ ಇಳಿದರೆ ಕಟಕ್. ಶಾಕ್ ಹಾಕಿದ ದಿನ ಸ್ಟೆಬಿಲೈಸರ್ ಬಾರ್ (ಗಾಡಿ ವಾಲದ ಹಾಗೆ ಮುಂದಿನ ಎರಡೂ ಕಡೆ ಜೋಡಿಸೋ ಕಂಬಿ) ಕೂಡ ಬಿಚ್ಚಿ ಮತ್ತೆ ಹಾಕಿದ್ದರು, ಅದೆಲ್ಲ ಮಾಮೂಲಿ ಕೆಲಸ ತಾನೆ?

ಕುಡ್ಲ_1100:
ಅಯ್ಯೋ, ಬೇಕಿದ್ದದ್ದೇ ಈ ಮಾತು! ಎರಡೂ ಚಕ್ರ ಒಟ್ಟಿಗೆ ಮೇಲೆದ್ದರೆ ಆ ಬಾರ್ ತಿರುಚುವುದಿಲ್ಲ, ಅದರ ಮೇಲೆ ಭಾರ ಬೀಳುವುದಿಲ್ಲ. ಒಂದೇ ಎದ್ದಾಗ ತಿರುಚುತ್ತದೆ, ಅದನ್ನು ಹಿಡಿದಿರುವ ರಬ್ಬರ್ ಬುಷ್ ಸಡಿಲ ಇದ್ದರೆ ಆಗ ಬಡಿಯುತ್ತದೆ. ಎರಡೂ ತುದಿ ಬಿಚ್ಚಿ, ಬಾರ್ ಎಲ್ಲೂ ತಾಗದ ಹಾಗೆ ಮೇಲಕ್ಕೆ ಕಟ್ಟಿ, ಖಾಲಿ ರಸ್ತೆಯಲ್ಲಿ ನಿಧಾನ ಓಡಿಸಿ. ತಿರುವಿನಲ್ಲಿ ಹೆಚ್ಚು ವಾಲುತ್ತದೆ, ಜಾಗ್ರತೆ.

ಫಿಯೆಟ್_ಗುರು:
ಆದರೂ ಕಿಂಗ್ ಪಿನ್ ಒಮ್ಮೆ ತೆಗೆಸಿ ನೋಡೋದು ಒಳ್ಳೇದು.

ಹಾಸನ_ಪದ್ಮಿನಿ:
ಸದ್ದು ನಿಂತಿತು!! ಎಡಗಡೆ ಕ್ಲಾಂಪ್ ಬಿಚ್ಚಿಸಿದರೆ ಒಳಗಿನ ರಬ್ಬರ್ ಸೀಳಿ ಒಂದು ಕಡೆಗೆ ಜಾರಿದೆ. ಅಷ್ಟು ಜಾಗದಲ್ಲಿ ಬಾರ್ ಕ್ಲಾಂಪಿಗೆ ಬಡಿದು ಬಡಿದು ಬೆಳ್ಳಗೆ ಹೊಳೀತಿದೆ, ಉಳಿದ ಕಡೆಯೆಲ್ಲ ತುಕ್ಕು. ಬುಷ್ ಎಲ್ಲಿ ಸಿಗುತ್ತೆ?

ಫಿಯೆಟ್_ಗುರು:
ಬೆಂಗಳೂರಿಗೆ ಬಂದರೆ ಜೆಸಿ ರೋಡಲ್ಲಿ ಹುಡುಕಿ. ಹಳೇ ಬುಷ್ ಕೈಯಲ್ಲಿ ಹಿಡ್ಕೊಂಡೇ ಹೋಗಿ. ರಬ್ಬರ್ ಬದಲು ಪಾಲಿಯುರೆಥೇನ್ (ಪ್ಲಾಸ್ಟಿಕ್ ತರದ್ದು) ಬುಷ್ ಸಿಕ್ಕರೆ ಅದನ್ನೇ ಹಾಕಿ.

ಕುಡ್ಲ_1100:
ಬೇಡ, ರಬ್ಬರೇ ಸಾಕು. ಪಾಲಿ ಗಟ್ಟಿ, ಗ್ರೀಸ್ ಒಣಗಿದರೆ ಕಿರುಗುಟ್ಟುತ್ತದೆ. ಇನ್ನೊಂದು, ಗಾಡಿ ಜ್ಯಾಕ್ ಮೇಲಿರುವಾಗ ಬೋಲ್ಟ್ ಪೂರ್ತಿ ಬಿಗಿಸಲು ಬಿಡಬೇಡಿ. ಚಕ್ರ ನೆಲಕ್ಕೆ ಇಳಿದು ಭಾರ ಕೂತ ಮೇಲೆ ಬಿಗಿಸಿದರೆ ರಬ್ಬರ್ ತಿರುಚಿಕೊಂಡು ಕೂರುವುದಿಲ್ಲ.

ಫಿಯೆಟ್_ಗುರು:
ನನ್ನ ಗಾಡಿಯಲ್ಲಿ ಪಾಲಿ ಇದೆ, ಒಂದು ದಿನವೂ ಕಿರುಗುಟ್ಟಿಲ್ಲ.

ಅಂಬಿ_ಮಾರ್ಕ್3:
ನನ್ನದರಲ್ಲಿ ಎಲ್ಲಾ ಕಡೆ ರಬ್ಬರೇ. ಹೊಸದಾಗಿ ಪೇಂಟ್ ಮಾಡಿಸಿದ್ದೀನಿ, ಫೋಟೋ ಹಾಕಲಾ?

ಹಾಸನ_ಪದ್ಮಿನಿ:
ಎಡಗಡೆ ಮಾತ್ರ ಹಾಕಿದರೆ ಸಾಕಾ, ಎರಡೂ ಕಡೆ ಹಾಕಿಸಬೇಕಾ? ಅದೊಂದು ಹೇಳಿ.