ಪ್ರಿಲಿಮ್ಸ್‌ಗೆ ಹೇಗೆ ತಯಾರಾದಿರಿ? ರಾಯಚೂರು, ಗಂಗಾವತಿ, ಬಳ್ಳಾರಿಯವರ ಅನುಭವ

ಕೇಳಿದವರು: ರಾಯಚೂರಿನ ಪಿಎಚ್‌ಡಿ ವಿದ್ಯಾರ್ಥಿನಿ, ಮಣ್ಣು ವಿಜ್ಞಾನ

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದೇನೆ. ಕೋರ್ಸ್ ವರ್ಕ್ ಮುಗಿಯುತ್ತಾ ಬಂತು, ಮುಂದೆ ಪ್ರಿಲಿಮ್ಸ್, ಅಂದರೆ ಪಿಎಚ್‌ಡಿ ನಡುವಿನ ಅರ್ಹತಾ ಪರೀಕ್ಷೆ. ಮೇಜರ್ (ಮುಖ್ಯ ವಿಷಯ), ಮೈನರ್ (ಪೂರಕ ವಿಷಯ) ಎರಡಕ್ಕೂ ಲಿಖಿತ ಪರೀಕ್ಷೆ, ಆಮೇಲೆ ಹೊರಗಿನ ಪರೀಕ್ಷಕರ ಎದುರು ವೈವಾ, ಅಂದರೆ ಮೌಖಿಕ ಪರೀಕ್ಷೆ. ಓದಬೇಕಾದದ್ದು ರಾಶಿ ಇದೆ, ಎಲ್ಲಿಂದ ಹಿಡಿಯಬೇಕು ಅಂತ ತಿಳಿಯುತ್ತಿಲ್ಲ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಬರೆಯುವುದು ಹೇಗೋ ಆಗುತ್ತದೆ, ಎಕ್ಸ್‌ಟರ್ನಲ್ ಎದುರು ಇಂಗ್ಲಿಷಿನಲ್ಲಿ ಮಾತಾಡುವುದೇ ಭಯ. ನಮ್ಮ ಮನೆಯಲ್ಲಿ ಇಷ್ಟು ಓದಿದವರು ಬೇರೆ ಯಾರೂ ಇಲ್ಲ. ಪಾಸಾದ ಅಕ್ಕ, ಅಣ್ಣಂದಿರು ದಯವಿಟ್ಟು ಹೇಳಿ.

ಗಂಗಾವತಿಯಿಂದ, ಮಣ್ಣು ವಿಜ್ಞಾನ, ಪಿಎಚ್‌ಡಿ ಮುಗಿಸಿದವರು

ತಂಗಿ, ಹೊಸ ಪುಸ್ತಕ ಹಿಡಿಯುವುದನ್ನು ಇವತ್ತೇ ನಿಲ್ಲಿಸು. ಕೋರ್ಸ್ ವರ್ಕ್‌ನಲ್ಲಿ ಓದಿದ್ದೇ ಬೇಕಾದಷ್ಟಿದೆ. ಎಷ್ಟು ಓದಿದ್ದೀಯ ಅಂತ ಅಲ್ಲಿ ಯಾರೂ ಅಳೆಯುವುದಿಲ್ಲ. ನೀನು ಕೊಟ್ಟ ಉತ್ತರಕ್ಕೆ 'ಯಾಕೆ?' ಅನ್ನುತ್ತಾರೆ. ಅದಕ್ಕೂ ಹೇಳಿದರೆ ಮತ್ತೆ 'ಯಾಕೆ?' ನೀನು ಎಷ್ಟು ಆಳಕ್ಕೆ ಇಳಿಯಬಲ್ಲೆ ಅನ್ನುವುದೇ ಪರೀಕ್ಷೆ.

ಎರೆಭೂಮಿ (ಕಪ್ಪು ಮಣ್ಣು) ಬೇಸಿಗೆಯಲ್ಲಿ ಯಾಕೆ ಬಿರಿಯುತ್ತದೆ ಅಂತ ಕೇಳಿದರು ಅಂದುಕೋ. ಜೇಡಿ ಜಾಸ್ತಿ ಅನ್ನುತ್ತೀಯ. ಮಸಾರಿಯಲ್ಲೂ (ಕೆಂಪು ಮಣ್ಣು) ಜೇಡಿ ಇದೆ ಅಲ್ವಾ, ಅದು ಯಾಕೆ ಹಾಗೆ ಬಿರಿಯುವುದಿಲ್ಲ? ಆಗ ಎರೆಮಣ್ಣಿನ ಜೇಡಿ ಖನಿಜ ಮಾಂಟ್‌ಮೊರಿಲೊನೈಟ್‌ಗೆ ಬರಲೇಬೇಕು. ಎರಡು ಸಿಲಿಕಾ ಹಾಳೆ, ನಡುವೆ ಒಂದು ಅಲ್ಯೂಮಿನಾ ಹಾಳೆ. ಇಂಥ ಒಂದು ಪದರಕ್ಕೂ ಇನ್ನೊಂದಕ್ಕೂ ಹಿಡಿತ ಸಡಿಲ. ನೀರು ನಡುವೆ ನುಗ್ಗುತ್ತದೆ, ಮಣ್ಣು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಮಸಾರಿಯ ಜೇಡಿ ಖನಿಜ ಕೆಯೊಲಿನೈಟ್‌ನಲ್ಲಿ ಪದರಗಳನ್ನು ಹೈಡ್ರೋಜನ್ ಬಂಧ ಬಿಗಿಯಾಗಿ ಹಿಡಿದಿರುತ್ತದೆ, ನೀರಿಗೆ ಒಳಗೆ ಜಾಗವಿಲ್ಲ. ಇಷ್ಟನ್ನು ಪುಸ್ತಕ ಮುಚ್ಚಿಟ್ಟು, ಬೋರ್ಡ್ ಮೇಲೆ ಚಿತ್ರ ಬರೆದು ಹೇಳಬಲ್ಲೆಯಾ? ಆದರೆ ಆ ಪಾಠ ಆಯಿತು ಅಂತ ಗುರುತು ಹಾಕಿಕೋ. ಇಲ್ಲವಾದರೆ ಮತ್ತೆ ಓದು.

ನಮ್ಮ ಭಾಗದವರಿಗೆ ಚೌಳು ಮಣ್ಣಿನ ಬಗ್ಗೆ ಕೇಳದೆ ಬಿಡುವುದಿಲ್ಲ. ಇಸಿ (ಉಪ್ಪು ಎಷ್ಟಿದೆ ಅನ್ನುವ ಅಳತೆ) 4, ಪಿಎಚ್ 8.5, ಇಎಸ್‌ಪಿ (ಮಣ್ಣಿನ ಕಣಕ್ಕೆ ಅಂಟಿದ ಸೋಡಿಯಂನ ಶೇಕಡಾ ಪಾಲು) 15. ಈ ಮೂರು ಅಂಕಿ ಎಲ್ಲರಿಗೂ ಬಾಯಿಪಾಠ. 1954ರಲ್ಲಿ ಅಮೆರಿಕದ ರಿವರ್‌ಸೈಡ್‌ನ ಲವಣ ಮಣ್ಣಿನ ಪ್ರಯೋಗಾಲಯ ಕೊಟ್ಟ ವಿಂಗಡಣೆ ಅದು. ಪರೀಕ್ಷಕರು ಕೇಳುವುದು ಅದರ ಮುಂದಿನದು. ಆ 4 ಅನ್ನುವುದನ್ನು ಯಾವ ನೀರಿನಲ್ಲಿ ಅಳೆದದ್ದು? ಮಣ್ಣನ್ನು ನೀರಿನಲ್ಲಿ ಕಲಸಿ ಪೇಸ್ಟ್ ಮಾಡಿ, ಅದರಿಂದ ಹೀರಿ ತೆಗೆದ ನೀರಿನಲ್ಲಿ. ನಮ್ಮ ಲ್ಯಾಬ್‌ಗಳಲ್ಲಿ ಸಾಮಾನ್ಯವಾಗಿ ಅಳೆಯುವುದು 1 ಪಾಲು ಮಣ್ಣಿಗೆ 2.5 ಪಾಲು ನೀರು ಬೆರೆಸಿ. ಉಪ್ಪು ತೆಳುವಾಗುತ್ತದೆ, ಅಂಕಿ ಕಡಿಮೆ ಬರುತ್ತದೆ. ಅದನ್ನು ಹಾಗೇ 4ರ ಜೊತೆ ಹೋಲಿಸಿದರೆ ಚೌಳು ಹೊಲವೂ ಒಳ್ಳೆಯ ಹೊಲ ಅಂತ ಬರುತ್ತದೆ. ಇನ್ನು ಹರಿಯಾಣದ ಕರ್ನಾಲ್‌ನ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆಯವರು ಸೋಡಿಯಂ ಹೆಚ್ಚಿರುವ ಕ್ಷಾರ ಮಣ್ಣಿಗೆ ಪಿಎಚ್ 8.5ರ ಬದಲು 8.2 ಅನ್ನುತ್ತಾರೆ. ಇಲ್ಲಿನ ಮಣ್ಣುಗಳಲ್ಲಿ ಇಎಸ್‌ಪಿ 15 ದಾಟುವಾಗ ಪಿಎಚ್ ಸುಮಾರು ಅಷ್ಟಕ್ಕೆ ಬಂದಿರುತ್ತದೆ ಅನ್ನುವುದು ಅವರ ಆಧಾರ.

ಕ್ಷಾರ ಮಣ್ಣು ಸರಿಪಡಿಸಲು ಹಾಕುವ ಜಿಪ್ಸಮ್ ಕೂಡ ಹಾಗೇ. ಕ್ಯಾಲ್ಸಿಯಂ ಬಂದು ಸೋಡಿಯಂ ಅನ್ನು ಎಬ್ಬಿಸುತ್ತದೆ, ಅದು ಸೋಡಿಯಂ ಸಲ್ಫೇಟ್ ಆಗಿ ನೀರಿನ ಜೊತೆ ಕೆಳಗಿಳಿಯುತ್ತದೆ ಅಂತ ಎಲ್ಲರೂ ಬರೆಯುತ್ತಾರೆ. ಕೆಳಗೆ ಎಲ್ಲಿಗೆ ಹೋಗುತ್ತದೆ? ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಎಷ್ಟೋ ಕಡೆ ಅಂತರ್ಜಲವೇ ಮೇಲೆ ಬಂದಿದೆ. ಹಗುರ ನೀರಾವರಿಯ ಬೆಳೆಗೆ ಅಂತ ಯೋಜಿಸಿದ ಜಮೀನಿಗೆ ಭತ್ತ ಬಂತು, ನೀರು ನಿಂತಿತು. ಬಸಿಯಲು ದಾರಿ ಇಲ್ಲದೆ ಜಿಪ್ಸಮ್ ಸುರಿದರೆ ರೈತರ ದುಡ್ಡು ದಂಡ. ಗಂಗಾವತಿ ಸಂಶೋಧನಾ ಕೇಂದ್ರದಲ್ಲಿ ನೆಲದೊಳಗೆ ಬಸಿಗೊಳವೆ ಹಾಕಿ ಪ್ರಯೋಗ ಮಾಡಿದ್ದಾರೆ. ಗೈಡ್‌ಗೆ ಹೇಳಿ ಒಂದು ದಿನ ಬಾ. ಕಣ್ಣಾರೆ ನೋಡಿದ್ದನ್ನು ಹೇಳುವಾಗ ಧ್ವನಿಯೇ ಬೇರೆ ಇರುತ್ತದೆ.

ರಾಯಚೂರಿನಿಂದ, ಬೇಸಾಯಶಾಸ್ತ್ರ

ಮೇಲಿನವರು ಹೇಳಿದ್ದರಲ್ಲಿ ಒಂದನ್ನು ನಾನು ಒಪ್ಪುವುದಿಲ್ಲ. ಹೊಸ ಪುಸ್ತಕ ಬೇಡ, ಸರಿ. ಆದರೆ ನಿಮ್ಮ ಥೀಸಿಸ್ ವಿಷಯದ ಇತ್ತೀಚಿನ ಪೇಪರ್‌ಗಳನ್ನು ಓದಲೇಬೇಕು. 'ಈ ಕೆಲಸ ಆಗಲೇ ಆಗಿದೆಯಲ್ಲ, ನೀವು ಹೊಸದಾಗಿ ಏನು ಮಾಡುತ್ತೀರಿ?' ಅಂತ ಕೇಳಿಯೇ ಕೇಳುತ್ತಾರೆ.

ಮೈನರ್ ಅಂತ ಅಸಡ್ಡೆ ಮಾಡಬೇಡಿ. ಸಂಖ್ಯಾಶಾಸ್ತ್ರ ಮೈನರ್ ಅಲ್ಲದಿದ್ದರೂ ನಿಮ್ಮದೇ ಪ್ರಯೋಗದ ಲೆಕ್ಕ ಬೆರಳ ತುದಿಯಲ್ಲಿರಲಿ. 6 ಟ್ರೀಟ್‌ಮೆಂಟ್ (ಹೋಲಿಸುವ ಉಪಚಾರ), 4 ರೆಪ್ಲಿಕೇಶನ್ (ಪುನರಾವರ್ತನೆ), ಆರ್‌ಬಿಡಿ (ರ‍್ಯಾಂಡಮೈಸ್ಡ್ ಬ್ಲಾಕ್ ಡಿಸೈನ್) ಅಂದುಕೊಳ್ಳಿ. ಎರರ್ ಡಿಗ್ರೀಸ್ ಆಫ್ ಫ್ರೀಡಂ ಎಷ್ಟು? ಎರಡರಿಂದಲೂ ಒಂದೊಂದು ಕಳೆದು, 5ನ್ನು 3ರಿಂದ ಗುಣಿಸಿದರೆ 15. ರೆಪ್ಲಿಕೇಶನ್ 3ಕ್ಕೆ ಇಳಿಸಿದರೆ 10ಕ್ಕೆ ಬರುತ್ತದೆ, ಆಗ ಸಣ್ಣ ವ್ಯತ್ಯಾಸ ಹಿಡಿಯುವುದು ಕಷ್ಟ. ಸ್ಪ್ಲಿಟ್ ಪ್ಲಾಟ್ (ದೊಡ್ಡ ಮೇನ್ ಪ್ಲಾಟ್‌ನೊಳಗೆ ಸಣ್ಣ ಸಬ್ ಪ್ಲಾಟ್‌ಗಳು) ಆಗಿದ್ದರೆ ಮೇನ್ ಪ್ಲಾಟ್‌ನಲ್ಲಿ ನೀರಾವರಿಯನ್ನೇ ಯಾಕೆ ಇಟ್ಟಿರಿ ಅಂತ ಕೇಳುತ್ತಾರೆ. ಸಣ್ಣ ಸಣ್ಣ ಪ್ಲಾಟ್‌ಗೆ ಬೇರೆ ಬೇರೆ ನೀರು ಕೊಡಲು ಆಗುವುದಿಲ್ಲ, ಪಕ್ಕಕ್ಕೆ ಜಿನುಗುತ್ತದೆ. ಹೊಲದಲ್ಲಿ ನಿಂತವರಿಗೆ ಇದು ಸುಲಭದ ಉತ್ತರ. ಹಾಗೆ ಇಟ್ಟಾಗ ಮೇನ್ ಪ್ಲಾಟ್‌ನ ಹೋಲಿಕೆ ಸಬ್ ಪ್ಲಾಟ್‌ನಷ್ಟು ನಿಖರವಾಗಿರುವುದಿಲ್ಲ ಅನ್ನುವುದನ್ನೂ ಸೇರಿಸಿ.

ಬಳ್ಳಾರಿಯಿಂದ, ಇತಿಹಾಸ

ನಮ್ಮ ಸಾಮಾನ್ಯ ವಿಶ್ವವಿದ್ಯಾಲಯಗಳ ಕ್ರಮ ಬೇರೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮದ ಪ್ರಕಾರ ಕೋರ್ಸ್ ವರ್ಕ್ ಕನಿಷ್ಠ 12 ಕ್ರೆಡಿಟ್, ಅದರಲ್ಲಿ ಶೇ 55 ತೆಗೆಯಬೇಕು. ಆಮೇಲೆ ಸೆಮಿಸ್ಟರ್‌ಗೊಮ್ಮೆ ಸಲಹಾ ಸಮಿತಿ ಎದುರು ಪ್ರಗತಿ ಹೇಳಬೇಕು. ಕೇಳುವ ರೀತಿ ಮಾತ್ರ ಒಂದೇ. ನನ್ನ ವಿಷಯ ಹೊಸ ಶಿಲಾಯುಗ. ಕುಡತಿನಿಯ ಬೂದಿದಿಬ್ಬ ಸಗಣಿ ಸುಟ್ಟು ಆದದ್ದು ಅಂದೆ. 'ಸಗಣಿ ಅಂತ ಹೇಗೆ ಗೊತ್ತು?' ಅಂತ ಕೇಳಿದರು. ತೆಲಂಗಾಣದ ಉಟ್ನೂರಿನಲ್ಲಿ ಅಂಥದ್ದೇ ದಿಬ್ಬ ಅಗೆದ ಪುರಾತತ್ವಜ್ಞ ಆಲ್ಚಿನ್ ಅವರಿಗೆ ದೊಡ್ಡಿಯ ಕಂಬ ನೆಟ್ಟ ಗುಳಿಗಳು, ದನದ ಗೊರಸಿನ ಗುರುತು ಸಿಕ್ಕಿದ್ದನ್ನು ಹೇಳಿದೆ. ಅಲ್ಲಿಂದ ಮಾತು ಸಲೀಸಾಯಿತು. ಪ್ರತಿ ಮಾತಿಗೂ ಯಾರು, ಎಲ್ಲಿ, ಏನು ಕಂಡು ಹೇಳಿದರು ಅನ್ನುವುದನ್ನು ಜೊತೆಗೇ ಓದಿಕೊಳ್ಳಿ. ನಿಮ್ಮ ವಿಷಯಕ್ಕೂ ಇದು ಅನ್ವಯಿಸುತ್ತದೆ.

ಕೇಳಿದವರು ಮತ್ತೆ

ತುಂಬಾ ಥ್ಯಾಂಕ್ಸ್. ಪೇಸ್ಟ್ ಮತ್ತು 2.5 ಪಾಲಿನ ವ್ಯತ್ಯಾಸ ಇವತ್ತೇ ಲ್ಯಾಬ್‌ನಲ್ಲಿ ಅಳೆದು ನೋಡುತ್ತೇನೆ. ಇಂಗ್ಲಿಷಿನ ಬಗ್ಗೆ ಹೇಳಿ ಅಕ್ಕ. ಏನೂ ಗೊತ್ತಿಲ್ಲದ ಪ್ರಶ್ನೆ ಬಂದರೆ ಏನು ಮಾಡಬೇಕು?

ಗಂಗಾವತಿಯಿಂದ

ನಾನೂ ಕನ್ನಡ ಮಾಧ್ಯಮದವಳೇ. ಹಾಸ್ಟೆಲ್‌ನಲ್ಲಿ ಬೇರೆ ವಿಭಾಗದ ಗೆಳತಿಯನ್ನು ಕೂರಿಸಿಕೊಂಡು ಮೊದಲು ನಮ್ಮ ಮಾತಿನಲ್ಲೇ ಹೇಳು. ಅವಳು ತಲೆಯಾಡಿಸಿದರೆ ಸಾಲದು, ತಿರುಗಿ ಅವಳೇ ನಿನಗೆ ಹೇಳಬೇಕು. ಹೇಳುತ್ತಾಳೆ ಅಂದರೆ ನಿನಗೆ ವಿಷಯ ಗಟ್ಟಿಯಾಗಿದೆ. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಸಣ್ಣ ಸಣ್ಣ ವಾಕ್ಯದಲ್ಲಿ ಹೇಳು, ಜೋರಾಗಿ. ಸುಮ್ನೆ ಮನಸ್ಸಿನಲ್ಲಿ ಹೇಳಿಕೊಂಡರೆ ನಾಲಿಗೆ ತಿರುಗುವುದಿಲ್ಲ. ವೈವಾದಲ್ಲಿ ಮಾತು ತಡವರಿಸಿದರೆ 'ಬೋರ್ಡ್ ಮೇಲೆ ಬರೆಯಲಾ ಸರ್?' ಅಂತ ಕೇಳು. ಬೇಡ ಅನ್ನುವವರು ಕಡಿಮೆ. ಚಿತ್ರ ಬರೆಯುತ್ತಾ ಹೋದಂತೆ ಮಾತು ತಾನಾಗಿ ಬರುತ್ತದೆ.

ಗೊತ್ತಿಲ್ಲದ್ದು ಬಂದರೆ ಗೊತ್ತಿಲ್ಲ ಅಂತಲೇ ಹೇಳು, ಆದರೆ ಅಲ್ಲಿಗೇ ಬಿಡಬೇಡ. 'ಇದನ್ನು ಓದಿಲ್ಲ ಸರ್, ಪಿಎಚ್ ಜಾಸ್ತಿಯಾದರೆ ಸತು ಸಿಗುವುದು ಕಡಿಮೆ ಅಂತ ಗೊತ್ತು, ಅದರ ಮೇಲೆ ಹೀಗಿರಬಹುದು' ಅಂತ ಗೊತ್ತಿದ್ದ ಕಡೆಯಿಂದ ಶುರು ಮಾಡು. ಅವರೇ ದಾರಿ ತೋರಿಸುತ್ತಾರೆ. ಕಥೆ ಕಟ್ಟಿದರೆ ಮಾತ್ರ ಹಿಡಿದು ನಿಲ್ಲಿಸುತ್ತಾರೆ.

ಗೈಡ್‌ಗೆ ಹೇಳಿ ಒಂದು ಅಣಕು ವೈವಾ ಇಡಿಸಿಕೋ. ನಿನ್ನ ಸಮಿತಿಯ ಒಬ್ಬೊಬ್ಬರನ್ನೂ ಮೊದಲೇ ಭೇಟಿಯಾಗಿ, ಯಾವ ಭಾಗ ಗಟ್ಟಿ ಮಾಡಿಕೊಳ್ಳಲಿ ಅಂತ ಕೇಳು. ಕೇಳಿದರೆ ಸಂತೋಷದಿಂದಲೇ ಹೇಳುತ್ತಾರೆ. ಇನ್ನೊಂದು ಮಾತು. ಲಿಖಿತ ಪರೀಕ್ಷೆ ಬರೆದು ಬಂದ ದಿನವೇ ಪ್ರಶ್ನೆಪತ್ರಿಕೆ ಮುಂದಿಟ್ಟುಕೊಂಡು, ಯಾವ ಉತ್ತರ ಅರ್ಧಕ್ಕೆ ಬಿಟ್ಟೆ, ಎಲ್ಲಿ ಅನುಮಾನ ಇತ್ತು ಅಂತ ಬರೆದಿಡು. ವೈವಾದಲ್ಲಿ ಅಲ್ಲಿಂದಲೇ ಶುರು ಮಾಡುವವರು ಜಾಸ್ತಿ.