ಹೊಸದಾಗಿ ಸನ್ನದು ಸಿಕ್ಕಿದೆ, ಯಾವ ಸೀನಿಯರ್ ಹತ್ತಿರ ಸೇರಲಿ?

ಪ್ರಶ್ನೆ:
ಈ ವರ್ಷ ವಕೀಲಿ ಮಾಡಲು ಸನ್ನದು ಪಡೆದಿದ್ದೇನೆ. ಊರು ಹಾವೇರಿ ಕಡೆ, ಮನೆಯಲ್ಲಿ ವಕೀಲರು ಯಾರೂ ಇಲ್ಲ. ಒಬ್ಬ ಸೀನಿಯರ್ ತಿಂಗಳಿಗೆ 8,000 ರೂಪಾಯಿ ಕೊಡುತ್ತೇನೆ ಅಂದಿದ್ದಾರೆ. ಆಫೀಸಿನಲ್ಲಿ ಕೇಸು ಜಾಸ್ತಿ. ಆದರೆ ‘ಸಾಹೇಬರಿಗೂ ಕೊಡಬೇಕಾಗುತ್ತೆ’ ಅಂತ ಕಕ್ಷಿದಾರರಿಂದ ದುಡ್ಡು ತಗೊಳ್ತಾರೆ ಎಂದು ಕೇಳಿದ್ದೇನೆ. ಇನ್ನೊಬ್ಬರ ಹತ್ತಿರ ಕೇಸು ಕಡಿಮೆ, ಸಂಬಳದ ಮಾತೇ ಇಲ್ಲ. ಅನುಭವ ಇರುವವರು ದಾರಿ ಹೇಳಿ.

ತಾಲ್ಲೂಕು ಕೋರ್ಟಿನಲ್ಲಿ ಸಿವಿಲ್ ಕೇಸು ನಡೆಸುವವರು:
ತಮ್ಮಾ, ನೀವು ಕೇಳಿದ್ದು ನಿಜವಾಗಿದ್ದರೆ ಮೊದಲನೆಯವರ ಆಫೀಸಿನ ಮೆಟ್ಟಿಲು ಹತ್ತಬೇಡಿ. ಜಡ್ಜ್ ಹೆಸರು ಹೇಳಿ ದುಡ್ಡು ಕೇಳುವುದಕ್ಕಿಂತ ದೊಡ್ಡ ದ್ರೋಹ ಈ ವೃತ್ತಿಯಲ್ಲಿಲ್ಲ. ರಾಜಸ್ಥಾನದ ವಕೀಲರೊಬ್ಬರು ಜಡ್ಜ್‌ಗೆ ಕೊಡಲು 10,000 ರೂಪಾಯಿ ಕಳಿಸಿ ಎಂದು ಕಕ್ಷಿದಾರನಿಗೆ ಪತ್ರ ಬರೆದಿದ್ದರು. 2001ರಲ್ಲಿ ಸುಪ್ರೀಂ ಕೋರ್ಟ್ ಅವರ ಸನ್ನದನ್ನು ಶಾಶ್ವತವಾಗಿ ಕಿತ್ತುಕೊಂಡಿತು. ವಯಸ್ಸಾದವರು, ದಶಕಗಳ ಪ್ರಾಕ್ಟೀಸ್ ಇದ್ದವರು ಎಂಬ ರಿಯಾಯಿತಿಯೂ ಸಿಗಲಿಲ್ಲ.

ಇಂಥ ಆಫೀಸಿನಲ್ಲಿ ದುಡ್ಡು ಇಸಿದುಕೊಳ್ಳುವ ಕೆಲಸ ಜೂನಿಯರ್ ಪಾಲಿಗೇ ಬರುತ್ತದೆ. ಫೋನ್‌ಪೇ ಮಾಡಿಸುವುದು ನಿಮ್ಮ ನಂಬರಿಗೆ. ನಾಳೆ ದೂರು ಬಂದರೆ ದಾಖಲೆಯಲ್ಲಿ ಇರುವುದು ನಿಮ್ಮ ಹೆಸರು.

ಹಾಗಂತ ಎರಡನೆಯವರನ್ನೂ ಕಣ್ಣು ಮುಚ್ಚಿ ಒಪ್ಪಬೇಡಿ. ಒಂದೆರಡು ಸಂಜೆ ಅವರ ಆಫೀಸಿನಲ್ಲಿ ಸುಮ್ನೆ ಕೂತು ನೋಡಿ. ಹಳ್ಳಿಯಿಂದ ಬಂದವರು ‘ನಮ್ಮ ಕೇಸು ಇವತ್ತು ಏನಾಯ್ತು ಸರ್?’ ಅಂತ ಕೇಳುತ್ತಾರೆ. ಸೀನಿಯರ್ ಡೈರಿ ತೆಗೆದು ‘ನಮ್ಮ ಸಾಕ್ಷಿ ಬರಲಿಲ್ಲ, ನಾವೇ ಟೈಮ್ ಕೇಳಿದ್ವಿ, ಮುಂದಿನ ತಾರೀಕು ಇಂಥದ್ದು’ ಅಂತ ನೇರವಾಗಿ ಹೇಳಿದರೆ ಆ ಆಫೀಸು ಚೆನ್ನಾಗಿದೆ. ತಾವೇ ಟೈಮ್ ತಗೊಂಡು ‘ಜಡ್ಜ್ ರಜೆ’ ಅಂದರೆ ಅಲ್ಲಿ ಕಲಿಯುವುದು ಸುಳ್ಳನ್ನೇ. ಈಗ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಕಕ್ಷಿದಾರರ ಮಕ್ಕಳೇ ಕೇಸಿನ ಸ್ಥಿತಿ ನೋಡುತ್ತಾರೆ, ಆ ಸುಳ್ಳು ಸಂಜೆವರೆಗೂ ನಿಲ್ಲೋದಿಲ್ಲ.

ಫೀಸು ಮತ್ತು ಕೋರ್ಟ್ ಖರ್ಚಿನ ಲೆಕ್ಕ ಬರೆದಿಡುತ್ತಾರಾ ನೋಡಿ. ಕಕ್ಷಿದಾರರ ದುಡ್ಡಿಗೆ ಲೆಕ್ಕ ಇಡಲೇಬೇಕು ಎಂದು ಬಾರ್ ಕೌನ್ಸಿಲ್ ನಿಯಮವೇ ಇದೆ. ಫೈಲ್ ವಾಪಸ್ ಕೇಳಿದವರ ಜೊತೆ ಹೇಗೆ ನಡೆದುಕೊಳ್ಳುತ್ತಾರೆ ಅನ್ನುವುದೂ ಮುಖ್ಯ. ನಾನು ಮೊದಲು ಸೇರಿದ್ದ ಆಫೀಸಿನಲ್ಲಿ ಫೀಸು ಬಾಕಿ ಅಂತ ಒಬ್ಬ ರೈತರ ಅಸಲು ಕ್ರಯಪತ್ರವನ್ನು ಬೀರುವಿನಲ್ಲೇ ಇಟ್ಟುಕೊಂಡಿದ್ದರು. ಅವರಿಗೆ ಬ್ಯಾಂಕ್ ಸಾಲ ಸಿಗಲಿಲ್ಲ. ಬಾಗಿಲ ಬಳಿ ನಿಂತು ಕೇಳಿಕೊಳ್ಳುತ್ತಿದ್ದ ಅವರ ಮುಖ ನೋಡಿ ನನಗೆ ಆ ಆಫೀಸೇ ಬೇಡವಾಯಿತು. ಫೀಸು ಬಾಕಿಗಾಗಿ ಫೈಲ್ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಬಾಕಿ ವಸೂಲಿಗೆ ಬೇರೆ ದಾರಿಗಳಿವೆ.

ಕೇಸು ಕಡಿಮೆ ಇರುವ ಆಫೀಸಿನಲ್ಲಿ ಒಂದು ಲಾಭ ಇದೆ. ವಾದಪತ್ರ ನಿಮ್ಮ ಕೈಯಲ್ಲೇ ಬರೆಸುತ್ತಾರೆ, ತಿದ್ದುವುದಕ್ಕೆ ಅವರಿಗೆ ಸಮಯವೂ ಇರುತ್ತದೆ. ಪಹಣಿ, ಮ್ಯುಟೇಷನ್, ಕ್ರಯಪತ್ರ ಮೂರನ್ನೂ ಎದುರಿಗಿಟ್ಟುಕೊಂಡು ಚಕ್ಕುಬಂದಿ, ಅಂದರೆ ಜಮೀನಿನ ನಾಲ್ಕೂ ದಿಕ್ಕಿನ ಗಡಿ, ತಾಳೆ ನೋಡುವುದನ್ನು ಕಲಿಯಿರಿ. ಪೂರ್ವಕ್ಕೆ ರಸ್ತೆ ಇದ್ದರೆ ಪಶ್ಚಿಮಕ್ಕೆ ಅಂತ ಬರೆದು ತಡೆಯಾಜ್ಞೆ ಕೇಳಿದರೆ, ಎದುರಿನವರ ವಕೀಲರಿಗೆ ಪಾಟೀ ಸವಾಲಿನಲ್ಲಿ ಅಷ್ಟೇ ಸಾಕು.

ಅಪಘಾತ ಪರಿಹಾರದ ಕೇಸು ನಡೆಸುವವರು:
ಅಕ್ಕ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನಮ್ಮ ಕಡೆ ಪರಿಹಾರದಲ್ಲಿ ಇಷ್ಟು ಪರ್ಸೆಂಟ್ ಅಂತ ಮಾತಾಡಿಕೊಳ್ಳುವವರು ಇದ್ದಾರೆ. ಕೇಸಿನ ಫಲದ ಮೇಲೆ ಫೀಸು ನಿಗದಿ ಮಾಡಬಾರದು, ಬರುವ ಹಣದಲ್ಲಿ ಪಾಲು ಕೇಳಬಾರದು ಎಂದು ಬಾರ್ ಕೌನ್ಸಿಲ್ ನಿಯಮ ಸ್ಪಷ್ಟವಾಗಿದೆ. ಕಾಲು ಕಳೆದುಕೊಂಡವರ ಖಾಲಿ ಚೆಕ್ಕಿಗೆ ಸಹಿ ಹಾಕಿಸಿ ಇಟ್ಟುಕೊಳ್ಳುವ ಆಫೀಸು ಕಂಡರೆ ಅಲ್ಲಿಂದ ಎದ್ದು ಬನ್ನಿ. ಫೀಸನ್ನು ಮೊದಲೇ ಹೇಳಿ, ಕಂತಿನಲ್ಲಿ ತಗೊಳ್ಳಿ, ರಸೀದಿ ಕೊಡಿ. ಜನ ಕೊಡುತ್ತಾರೆ. ನನಗೆ ಹೊಸ ಕೇಸು ತಂದುಕೊಡುವವರು ಹೆಚ್ಚಾಗಿ ಹಳೇ ಕಕ್ಷಿದಾರರೇ.

ಇನ್ನೊಂದು, ಎಐ ಕೊಟ್ಟ ತೀರ್ಪುಗಳನ್ನು ಹಾಗೇ ಹಾಕಬೇಡಿ. 2025ರಲ್ಲಿ ಬೆಂಗಳೂರಿನ ಸಿವಿಲ್ ಕೋರ್ಟೊಂದರ ಆದೇಶದಲ್ಲೇ ಅಸ್ತಿತ್ವದಲ್ಲಿಲ್ಲದ ತೀರ್ಪುಗಳು ಕಾಣಿಸಿಕೊಂಡು ಹೈಕೋರ್ಟ್ ಗಂಭೀರವಾಗಿ ತೆಗೆದುಕೊಂಡಿತು. ಪೂರ್ತಿ ತೀರ್ಪು ಓದದೆ ಕೋರ್ಟಿನ ಮುಂದೆ ಹೆಸರು ಎತ್ತಬೇಡಿ.

ಸಿವಿಲ್ ಜಡ್ಜ್ ಪರೀಕ್ಷೆಗೆ ಓದುತ್ತಿರುವವರು:
ಜಡ್ಜ್ ಆಗುವ ಆಸೆ ಇದ್ದರೆ ಈಗಿನಿಂದಲೇ ಎಚ್ಚರ ಇರಲಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ 3 ವರ್ಷದ ಪ್ರಾಕ್ಟೀಸ್ ಮತ್ತೆ ಕಡ್ಡಾಯ ಮಾಡಿದೆ. ಕನಿಷ್ಠ 10 ವರ್ಷ ಅನುಭವದ ವಕೀಲರ ಸರ್ಟಿಫಿಕೇಟ್ ಬೇಕು, ಅದಕ್ಕೆ ನ್ಯಾಯಾಧೀಶರ ದೃಢೀಕರಣವೂ ಬೇಕು. ಕೋರ್ಟಿಗೆ ಕಾಲಿಡದೆ ಸರ್ಟಿಫಿಕೇಟ್ ಮಾತ್ರ ಮಾಡಿಸಿಕೊಳ್ಳುವ ಯೋಚನೆ ಬೇಡ. ಸುಳ್ಳು ಪತ್ರ ಕೊಟ್ಟು ಜಡ್ಜ್ ಆಗಿ ಯಾರಿಗೆ ನ್ಯಾಯ ಕೊಡುವುದು? ಎಐಬಿಇ, ಅಂದರೆ ಹೊಸ ವಕೀಲರು ಬರೆಯುವ ಅಖಿಲ ಭಾರತ ಬಾರ್ ಪರೀಕ್ಷೆಯನ್ನೂ ಮುಂದೂಡಬೇಡಿ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಆದರೆ ಎರಡನೆಯವರ ಹತ್ತಿರ ದುಡ್ಡಿನ ಮಾತು ಎತ್ತುವುದು ಹೇಗೆ ಮೇಡಂ?

ಸಿವಿಲ್ ಕೇಸು ನಡೆಸುವವರು:
ಸಂಕೋಚ ಬೇಡ. ಜೂನಿಯರ್‌ಗಳಿಗೆ ನಗರದಲ್ಲಿ 20,000, ಗ್ರಾಮೀಣ ಭಾಗದಲ್ಲಿ 15,000 ಕೊಡಿ ಎಂದು ಭಾರತೀಯ ಬಾರ್ ಕೌನ್ಸಿಲ್ 2024ರ ಅಕ್ಟೋಬರ್‌ನಲ್ಲಿ ಸಲಹೆ ಕೊಟ್ಟಿದೆ. ಅದು ಸಲಹೆ ಮಾತ್ರ, ತಾಲ್ಲೂಕಿನಲ್ಲಿ ಅಷ್ಟು ಸಿಗುವುದು ಕಷ್ಟ. ‘ಸರ್, ಬಸ್ಸು, ಊಟದ ಖರ್ಚು ನನಗೆ ಭಾರ ಆಗುತ್ತೆ, ಅಷ್ಟನ್ನು ಕೊಡೋಕೆ ಆಗುತ್ತಾ?’ ಅಂತ ನೇರವಾಗಿ ಕೇಳಿ. ನಾನು ಡ್ರಾಫ್ಟ್ ಮಾಡಿದ ಕೇಸಿಗೆ ಏನಾದರೂ ಕೊಡಿ ಎಂದೂ ಕೇಳಬಹುದು. ಕೋರ್ಟ್ ಮುಗಿದ ಮೇಲೆ, ಅವರು ಆಫೀಸಿನಲ್ಲಿ ಒಬ್ಬರೇ ಇರುವಾಗ ಹೋಗಿ ಮಾತಾಡಿ. ಅವರು ಏನಂದರು ಅಂತ ಇಲ್ಲಿ ಬರೆಯಿರಿ.