ಅಪ್‌ಡೇಟ್: ಪ್ಲಾಟರ್ ಕೊನೆಗೂ ಫೈಲ್ ಓದಿತು

ಮಲ್ಪೆಯ ಬೋಟಿನ ಚಾರ್ಟ್‌ಪ್ಲಾಟರ್‌ಗೆ (ನಕ್ಷೆಯಲ್ಲಿ ಬೋಟ್ ಎಲ್ಲಿದೆ, ನೀರು ಎಷ್ಟು ಆಳ ಅಂತ ತೋರಿಸೋ ಸಾಧನ) ಹೊಸ ಸಾಫ್ಟ್‌ವೇರ್ ಹಾಕಲು ಹೋದರೆ ‘ಫೈಲ್ ಸಿಗಲಿಲ್ಲ’ ಅಂತ ಬರ್ತಿದೆ ಎಂದು ಹೋದ ವಾರ ಕೇಳಿದ್ದೆ. ಸರಿಹೋಯ್ತು.

ತೊಂದರೆ ಇದ್ದದ್ದು ಕಾರ್ಡಿನಲ್ಲಿ. ಅಪ್‌ಡೇಟ್ ಫೈಲ್ ಹಾಕಿದ್ದ 64 ಜಿಬಿ ಮೈಕ್ರೊ ಎಸ್‌ಡಿ ಎಕ್ಸ್‌ಫ್ಯಾಟ್‌ನಲ್ಲಿತ್ತು (ಕಾರ್ಡಿನಲ್ಲಿ ಫೈಲ್ ಜೋಡಿಸಿಡೋ ಒಂದು ವಿಧಾನ). ಈ ಪ್ಲಾಟರ್ ಓದೋದು ಫ್ಯಾಟ್32 ಅನ್ನೋ ಇನ್ನೊಂದು ವಿಧಾನ ಮಾತ್ರ. 16 ಜಿಬಿ ಕಾರ್ಡನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಜಿಪ್ ಬಿಚ್ಚಿ, ಫೈಲನ್ನು ಯಾವ ಫೋಲ್ಡರಿಗೂ ಸೇರಿಸದೆ ನೇರ ಹಾಕಿದ ತಕ್ಷಣ ಸಿಕ್ಕಿತು. ಈ ಸಲಹೆ ಕೊಟ್ಟವರಿಗೆ ತುಂಬಾ ಥ್ಯಾಂಕ್ಸ್. ಹೆಸರು ಬದಲಿಸಿದ್ದು, ಮತ್ತೆ ಡೌನ್‌ಲೋಡ್ ಮಾಡಿದ್ದು, ಫ್ಯಾಕ್ಟರಿ ರಿಸೆಟ್, ಯಾವುದೂ ಉಪಯೋಗಕ್ಕೆ ಬರಲಿಲ್ಲ. ರಿಸೆಟ್‌ಗೆ ಮೊದಲು ವೇಪಾಯಿಂಟ್‌ಗಳನ್ನು (ನಕ್ಷೆಯಲ್ಲಿ ಗುರುತು ಹಾಕಿಟ್ಟ ಜಾಗಗಳನ್ನು) ಬೇರೆ ಕಾರ್ಡಿಗೆ ಉಳಿಸಿದ್ದೇ ಪುಣ್ಯ.

ಅಪ್‌ಡೇಟ್ ನಡೆಯುವಾಗ ಎಂಜಿನ್ ಸ್ಟಾರ್ಟ್ ಮಾಡಲೇಬೇಡಿ. ಸ್ಟಾರ್ಟರ್ ಎಳೆದಾಗ ವೋಲ್ಟೇಜ್ ಕುಸಿದು ಪ್ಲಾಟರ್ ಅರ್ಧದಲ್ಲೇ ಆಫ್ ಆದರೆ ಸಾಫ್ಟ್‌ವೇರ್ ಕೆಡಬಹುದು.

ಎಣಿಸದೇ ಇದ್ದದ್ದು ಇನ್ನೊಂದು: ರಿಸೆಟ್‌ನಿಂದ ಕೀಲ್ ಆಫ್‌ಸೆಟ್ ಸೊನ್ನೆಗೆ ಮರಳಿತ್ತು. ಆಳವನ್ನು ಕೀಲ್‌ನಿಂದ, ಅಂದರೆ ಬೋಟಿನ ತಳದ ದಿಂಡಿನಿಂದ, ಕೆಳಕ್ಕೆ ಲೆಕ್ಕ ಹಾಕಲು ಕೊಡೋ ಹೊಂದಾಣಿಕೆ ಅದು. ನಮ್ಮದರಲ್ಲಿ ಟ್ರಾನ್ಸ್‌ಡ್ಯೂಸರ್‌ಗಿಂತ (ಆಳ ಅಳೆಯೋ ಸೆನ್ಸರ್) ಕೀಲ್ 0.6 ಮೀಟರ್ ಕೆಳಗಿದೆ. ದಕ್ಕೆಯಲ್ಲಿ ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಅಳೆದರೆ ಕೀಲ್ ಕೆಳಗೆ 1.8 ಮೀಟರ್ ನೀರು, ಸ್ಕ್ರೀನಲ್ಲಿ 2.4! ಅಳಿವೆ (ನದಿ ಸಮುದ್ರ ಸೇರುವ ಜಾಗ) ದಾಟುವಾಗ ಈ ವ್ಯತ್ಯಾಸಕ್ಕೆ ಬೋಟ್ ಮರಳಿಗೆ ಕೂರುತ್ತದೆ. ಆಫ್‌ಸೆಟ್ ಮೈನಸ್ 0.6 ಹಾಕಿದ ಮೇಲೆ ಎರಡೂ ಹೊಂದಿದವು.